ಮಸ್ತಾನ್ ಸಾಬರ ಬಾವುಟ

ಯಾವ ಕೆಲಸಕ್ಕೆ ಕೈ ಹಾಕುವ ಮೊದಲೂ ಮಸ್ತಾನ್ ಸಾಬರು ತೋರುಬೆರಳನ್ನು ನಾಲಗೆಗೆ ತಾಕಿಸಿ ಮೇಲೆತ್ತಿ, ಗಾಳಿ ಯಾವ ಕಡೆಯದೆಂದು ನೋಡುತ್ತಿದ್ದರು. ಚಳ್ಳಕೆರೆಯ ನಮ್ಮ ಎಣ್ಣೆ ಮಿಲ್ಲಿಗೆ ಅವರು ಮೆಕ್ಯಾನಿಕ್. ಅಂಗಳದಲ್ಲಿ ಶೇಂಗಾ ತೂರುವವರು ಅವರ ಬೆರಳು ನೋಡಿಯೇ ಮೊರ ಎತ್ತುತ್ತಿದ್ದರು. "ಗಾಳಿ ಕೇಳ್ದೆ ಕೆಲಸ ಮಾಡಿದ್ರೆ ಹೊಟ್ಟು ನಮ್ಮ ಬಾಯಿಗೇ ಬರ್ತೈತೆ" ಎನ್ನುವುದು ಅವರ ಮಾತು. ಮದುವೆ ಊಟಕ್ಕೆ ಹೊರಡುವಾಗಲೂ ಬೆರಳೆತ್ತಿದ್ದನ್ನು ನಾನು ಕಂಡಿದ್ದೇನೆ.

ಮಿಲ್ಲಿನ ಆಫೀಸಿನಲ್ಲಿ ಅಪ್ಪನ ಕುರ್ಚಿಯ ಹಿಂದೆ ಒಂದು ಹಳೆಯ ತೈಲಚಿತ್ರವಿತ್ತು. ಹಾಯಿ ಉಬ್ಬಿಸಿಕೊಂಡು ಹೊರಟ, ಸಾಲು ಫಿರಂಗಿಗಳ ಯುದ್ಧದ ಹಡಗು. ತಾತ ಯಾವುದೋ ಬಂಗಲೆಯ ಹರಾಜಿನಲ್ಲಿ ತಂದದ್ದು. ಅಪ್ಪ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಎಣ್ಣೆಯ ಜಿಡ್ಡು ಮೆತ್ತಿ ನೀರೆಲ್ಲ ಕಪ್ಪಾಗಿತ್ತು. ಪರಶುರಾಂಪುರದ ರೈತರೊಬ್ಬರು, "ಯಾವ ಕೆರೆ ಸ್ವಾಮಿ ಇದು, ಇಷ್ಟು ತುಂಬೈತೆ?" ಎಂದು ಕೇಳಿದ್ದರು.

ನಾನು ಕಾಲೇಜಿನಿಂದ ರಜೆಗೆ ಬಂದಿದ್ದ ಒಂದು ಆಯುಧಪೂಜೆಯ ಬೆಳಗ್ಗೆ, ಸಾಬರು ಯಂತ್ರಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ಒರೆಸಿ, ಅದೇ ಬಟ್ಟೆಯನ್ನು ಹಡಗಿಗೂ ಹಚ್ಚಿದರು. ಕಪ್ಪು ಹೋಗಿ ನೀಲಿ ಕಂಡಿತು. "ಬಾ ತಾಯಿ, ಸಮುದ್ರ ಬಂತು!" ಎಂದು ಕೂಗಿದರು. ಆಸೆ ಹೆಚ್ಚಿ ಮೇಲಕ್ಕೂ ಉಜ್ಜಿದರು. ಹಾಯಿಕಂಬದ ತುದಿಯ ಬಾವುಟದ ಬಣ್ಣ ಚಕ್ಕೆ ಎದ್ದು ಬಟ್ಟೆಗೇ ಬಂದುಬಿಟ್ಟಿತು. ಅಪ್ಪ ಬೂದುಗುಂಬಳ ತರಲು ಪೇಟೆಗೆ ಹೋಗಿದ್ದರು. ಸಾಬರು ಬೆವರೊರೆಸಿಕೊಂಡು, ಯಂತ್ರಕ್ಕೆ ಬಳಿದು ಉಳಿದಿದ್ದ ಕೆಂಪು ಬಣ್ಣ ತಂದು ಹೊಸ ಬಾವುಟ ಬರೆದರು. ಹಳೆಯದು ಹಡಗಿನ ಹಿಂದಕ್ಕೆ ಹಾರುತ್ತಿತ್ತು, ಇವರದು ಮುಂದಕ್ಕೆ.

ಅಪ್ಪ ನೋಡಿ ಕೆಂಡವಾದರು. "ನಮ್ಮಪ್ಪನ ಹಡಗು ಕೆಡಿಸಿದ್ರಲ್ರೀ ಸಾಬ್ರೇ! ನಾಳೆಯಿಂದ ಬರಬ್ಯಾಡ್ರಿ."

"ಒರೆಸಿದ್ದು ನನ್ನ ತಪ್ಪು ಸಾವ್ಕಾರ್ರೆ. ಬರೆದಿದ್ದು ತಪ್ಪಲ್ಲ. ಹಾಯಿ ಹಿಂದಿನ ಗಾಳಿಗೆ ಉಬ್ಬೈತೆ, ಬಾವುಟ ಹಿಂದಕ್ಕೇ ಹಾರ್ತಿತ್ತು. ಒಂದು ಹಡಗಿಗೆ ಎರಡು ಗಾಳಿ ಬೀಸ್ತಾವೇನ್ರಿ?"

ಅಪ್ಪನನ್ನು ಅಂಗಳಕ್ಕೆ ಕರೆದೊಯ್ದು, ಒಂದು ಗಳಕ್ಕೆ ಗೋಣಿಚೀಲವನ್ನೂ ತಮ್ಮ ಟವೆಲ್ಲನ್ನೂ ಕಟ್ಟಿ ಎತ್ತಿ ಹಿಡಿದರು. ಚೀಲ ಉಬ್ಬಿದ ಕಡೆಗೇ ಟವೆಲ್ಲೂ ಹಾರಿತು. ಚೀಲದಲ್ಲಿ ಉಳಿದಿದ್ದ ಹೊಟ್ಟೆಲ್ಲ ಅಪ್ಪನ ಹೊಸ ಬಿಳಿ ಅಂಗಿಗೆ ಬಂತು. ಆ ಗಾಬರಿಯಲ್ಲಿ ಸಾಬರು ಬೆರಳೆತ್ತುವುದನ್ನೇ ಮರೆತಿದ್ದರು. ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಹಡಗಿನ ಚೌಕಟ್ಟಿಗೆ ತಾವೇ ಕುಂಕುಮ ಇಟ್ಟು, "ನಾಳೆ ಹೊತ್ತಿಗೆ ಸರಿಯಾಗಿ ಬರ್ರಿ" ಎಂದರು.

ವಯಸ್ಸಾದ ಮೇಲೆ ಸಾಬರು ಕಾರವಾರಕ್ಕೆ, ಮಗಳ ಮನೆಗೆ ಹೋದರು. ಮೊದಲ ಸಲ ಸಮುದ್ರ ನೋಡಿದ ದಿನ ವಿಡಿಯೋ ಕಾಲ್ ಮಾಡಿ ದೋಣಿ ತೋರಿಸಿದರು. ದೋಣಿ ಮುಂದೆ ಹೋಗುತ್ತಿತ್ತು, ಬಾವುಟ ಹಿಂದಕ್ಕೆ ಹಾರುತ್ತಿತ್ತು.

"ಸೋತ್ರಿ ಚಾಚಾ!" ಎಂದೆ.

"ಅದ್ರಾಗೆ ಎಂಜಿನ್ ಐತೆ ತಾಯಿ. ನಮ್ಮದು ಗಾಳಿ ನಂಬಿದ ಹಡಗು. ಮೆಕ್ಯಾನಿಕ್‌ಗೇ ಎಂಜಿನ್ ಪಾಠ ಹೇಳ್ತೀಯಾ?"

ಅದೇ ಕೊನೆಯ ಮಾತು. ಆ ವರ್ಷವೇ ತೀರಿಕೊಂಡರು.

ಮೊನ್ನೆ, ಹಳೆಯ ಚಿತ್ರಗಳನ್ನು ಸರಿಪಡಿಸುವವರೊಬ್ಬರು ಮನೆಗೆ ಬಂದು, ಈಗ ನನ್ನ ಬಳಿ ಇರುವ ಆ ಹಡಗನ್ನು ಪರೀಕ್ಷಿಸಿದರು. ಕೆಂಪು ಬಣ್ಣವನ್ನು ಸುಲಭವಾಗಿ ತೆಗೆಯಬಹುದು ಎಂದರು. ಬೇಡವೆಂದೆ. ಅವರು ಕೊಟ್ಟ ಚೀಟಿಯಲ್ಲಿ, "ಬಾವುಟ: ಯಾರೋ ಅಪರಿಚಿತರು ಆಮೇಲೆ ಬರೆದದ್ದು" ಎಂದಿತ್ತು. "ಯಾರೋ ಅಪರಿಚಿತರು" ಎಂಬುದನ್ನು ಹೊಡೆದು ಹಾಕಿ, ಮೇಲೆ ಬರೆದೆ: ಮಸ್ತಾನ್ ಸಾಬರು, ಚಳ್ಳಕೆರೆ.