ಬೀಗರು, ನಾನು ಮತ್ತು ಒಂದೇ ಚೆಂಡು

ಚೆಂಡಿಗೆ ಕೋಲು ತಗಲುವ ಹೊತ್ತಿಗೆ ಸರಿಯಾಗಿ ನನ್ನ ತಲೆ ಮೇಲೆದ್ದುಬಿಡುತ್ತದೆ. ನನ್ನ ಗಾಲ್ಫ್ ಆಟಕ್ಕಿರುವ ರೋಗ ಇದೊಂದೇ. ಆದರೆ ಇದೊಂದೇ ಸಾಕು. ನೆಟ್ಟಗೆ ಹೋಗಬೇಕಾದ ಚೆಂಡು ಬಲಕ್ಕೆ ಹೊರಳಿ ಜಾಲಿಯ ಮುಳ್ಳುಕಂಟಿಯಲ್ಲಿ ಬೀಳುತ್ತದೆ.

ಈ ಆಟಕ್ಕೆ ನನ್ನನ್ನು ಎಳೆದವರು ನಮ್ಮ ಬೀಗರು, ಮಗಳ ಮಾವ. ಧಾರವಾಡದ ಕಡೆಯವರು, ಫೌಜಿನಲ್ಲಿದ್ದು, ನಿವೃತ್ತರಾಗಿ ಪುಣೆಯಲ್ಲೇ ನೆಲೆ ನಿಂತವರು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಪುಣೆ ಹತ್ತಿರದ ಚಾಕಣದಲ್ಲಿ ಲೇಥ್ ಮುಂದೆ ನಿಂತು ಕಬ್ಬಿಣ ಕಡೆಯುತ್ತ ಕೆಲಸ ಕಲಿತು, ಈಗ ಅಲ್ಲೇ ಸ್ವಂತದ್ದೊಂದು ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ಮಕ್ಕಳ ಮದುವೆಯ ಹೊಸತರಲ್ಲಿ ನಮ್ಮಿಬ್ಬರಿಗೂ ಮಾತಾಡಲು ವಿಷಯವೇ ಸಿಗುತ್ತಿರಲಿಲ್ಲ. ಹಬ್ಬಕ್ಕೆ ಸೇರುವುದು, ಹೋಳಿಗೆ ಉಣ್ಣುವುದು, ಆಮೇಲೆ ತಿರುಗುವ ಪಂಖಾ ನೋಡುತ್ತ ಕೂಡುವುದು. ಕೊನೆಗೆ ಅವರೇ ಬೇಸತ್ತು, "ಬೀಗರ, ಹಿಂಗ ಎಷ್ಟಂತ ಪಂಖಾ ನೋಡೂದ್ರಿ? ನಾಳೆ ಮುಂಜಾನೆ ಬರ್ರಿ ನನ್ನ ಕೂಡ" ಎಂದು ತಮ್ಮ ಕ್ಲಬ್ಬಿಗೆ ಕರೆದೊಯ್ದರು.

ಬಿಬವೇವಾಡಿಯ ನಮ್ಮ ಮನೆಯಿಂದ ನಾನು ಕೋಲಿನ ಚೀಲ ಹೊತ್ತು ಹೊರಟಾಗಲೆಲ್ಲ ಹೆಂಡತಿ ನಗುತ್ತಾಳೆ. "ನಮ್ಮೂರಾಗ ಹಿಂಗ ಬಡಿಗಿ ಹಿಡಕೊಂಡು ಹೊಂಟ್ರ, ಯಾರ ಮನ್ಯಾಗ ಹಾವು ಹೊಕ್ಕದ ಅಂತ ಕೇಳ್ತಿದ್ರು."

ಕ್ಲಬ್ಬಿನಲ್ಲಿ ಚಳಿಗಾಲಕ್ಕೊಮ್ಮೆ ಜೋಡಿ ಆಟ ಇರುತ್ತದೆ. ಒಬ್ಬ ಸದಸ್ಯ, ಅವನು ಕರೆತಂದ ಒಬ್ಬ ಅತಿಥಿ. ಇಬ್ಬರಿಗೂ ಸೇರಿ ಒಂದೇ ಚೆಂಡು. ಒಂದು ಏಟು ಇವನದು, ಮುಂದಿನದು ಅವನದು. ಹೀಗಾಗಿ ನಾನು ಕಂಟಿಗೆ ಹಾಕಿದ್ದನ್ನು ಬೀಗರೇ ತೆಗೆಯಬೇಕು. ಹೋದ ಸಲ ಪಾಪ, ಆಟವಿಡೀ ಮುಳ್ಳಿನಲ್ಲೇ ನಿಂತಿದ್ದರು. ಹೆಣ್ಣಿನ ಕಡೆಯವನಿಂದ ಗಂಡಿನ ಕಡೆಯವರಿಗೆ ಅಂಥ ಅವಮಾನ! ಅವರು ಒಂದು ಮಾತೂ ಆಡಲಿಲ್ಲ. ಅದೇ ನನ್ನನ್ನು ಇನ್ನೂ ಚುಚ್ಚುತ್ತದೆ.

ಈ ಸಲದ ಆಟ ಹತ್ತಿರ ಬಂದಾಗ ಒಂದು ದಿನ ಕಾರಿನಲ್ಲಿ ಅವರು ವಿಷಯ ಹೇಳಿದರು. ಕಾರು ಅವರದು, ನಡೆಸುತ್ತಿದ್ದವನು ನಾನು. ಕೆಲವು ತಿಂಗಳಿಂದ ಅವರು ಕೀಲಿಯನ್ನು ತಾವಾಗಿ ನನ್ನ ಕೈಗೇ ಕೊಡುತ್ತಿದ್ದರು. ಬೀಗರಿಗೆ ಮಾಡುವ ಮರ್ಯಾದೆ ಎಂದುಕೊಂಡು ನಾನೂ ಬೀಗುತ್ತಿದ್ದೆ.

"ಸಕ್ಕರಿ ಬ್ಯಾನಿ ಕಣ್ಣಿಗೆ ಇಳದದರಿ," ಎಂದರು. "ಕಾಲಾಗಿನ ಚೆಂಡು ಕಾಣಸ್ತದ. ದೂರ ಹೋದದ್ದು ಮಂಜಿನ್ಯಾಗ ಹೋಧಂಗ. ಮುಂದಿನ ವರ್ಷ ನಂದು ಆಟ ಇಲ್ಲ. ಮನ್ಯಾಗ ಇನ್ನೂ ಹೇಳಿಲ್ಲ, ನಾನ ಹೇಳ್ತೀನಿ. ಇದೊಂದು ಜೋಡಿ ಆಟ ಛಲೋ ಆಗ್ಲಿ, ಸಾಕು."

ನಾನು ಹೂಂ ಎಂದೆ.

ಬೆವರು ಸುರಿಸಿದರೆ ಆಗದ ಕೆಲಸವಿಲ್ಲ ಎಂದು ನಂಬಿ ಬದುಕಿದವನು ನಾನು. ಲೇಥ್ ಅನ್ನು ಯಾರೂ ನನಗೆ ಪುಸ್ತಕದಿಂದ ಕಲಿಸಲಿಲ್ಲ. ಇದೂ ಹಾಗೆಯೇ ಬರುತ್ತದೆ ಎಂದು ಮನೆಯ ಮಾಳಿಗೆಯ ಮೇಲೆ ದಿನಾ ಬೆಳಿಗ್ಗೆ ಕೋಲು ಬೀಸಿದೆ. ಅಂಗೈ ಸುಲಿಯಿತು. ತಲೆ ಮಾತ್ರ ತನ್ನ ಪಾಡಿಗೆ ತಾನು ಎದ್ದೇ ಎದ್ದಿತು.

ಆಟಕ್ಕೆ ಮುಂಚಿನ ವಾರ, ನನ್ನ ದೋಷ ತಿದ್ದಲೆಂದೇ ಇಬ್ಬರೂ ಜೋಡಿ ಆಟದಂತೆ ಒಂದೇ ಚೆಂಡಿನಲ್ಲಿ ಒಂದು ಸುತ್ತು ಆಡಲು ಹೋದೆವು. ಚೀಲ ಹೊರುವ, ಚೆಂಡು ಹುಡುಕುವ ಕ್ಯಾಡಿಗಳು ಅಲ್ಲಿರುತ್ತಾರೆ. ಬೀಗರು ಬೇಡ ಎಂದರು. ಅವರ ಕಣ್ಣಿನ ಸಂಗತಿ ಕ್ಯಾಡಿಗೆ ತಿಳಿದರೆ ಮಧ್ಯಾಹ್ನದೊಳಗೆ ಕ್ಲಬ್ಬಿಗೆಲ್ಲ ತಿಳಿಯುತ್ತದೆ. ಚೀಲಗಳನ್ನು ನಾವೇ ಎಳೆದುಕೊಂಡು ನಡೆದೆವು.

ನಾನು ಹೊಡೆದೆ. ಬಲಕ್ಕೆ ಹೋಯಿತು. ಇನ್ನೊಂದು ಹೊಡೆದೆ. ಅದೂ ಬಲಕ್ಕೇ. ಬೀಗರು ನನ್ನ ಮಗ್ಗುಲಿಗೇ ಬಂದು, ಮುಖಕ್ಕೆ ಮುಖ ತಾಗುವಷ್ಟು ಬಗ್ಗಿ, ಕೋಲಿಲ್ಲದೆ ಬರಿಗೈಯನ್ನು ಮೆಲ್ಲಗೆ ಬೀಸಲು ಹೇಳಿದರು.

"ನೀವು ಬರೇ ತಲಿ ಎತ್ತೂದಿಲ್ಲರಿ ಬೀಗರ. ಮಾರಿ ಹೊಳ್ಳಸ್ತೀರಿ. ಯಾರೋ ಕಪಾಳಕ್ಕ ಹೊಡಿಯಾಕ ಬಂಧಂಗ."

ನನ್ನ ಕೈ ತಾನಾಗಿ ಎಡಗಣ್ಣಿನ ಕೆಳಗಿನ ಕಲೆಯ ಮೇಲೆ ಹೋಯಿತು. ಲೇಥ್‌ನಲ್ಲಿ ಕಬ್ಬಿಣಕ್ಕೆ ಉಳಿ ತಗಲಿದ ಕೂಡಲೇ ಕಾದ ಚೂರು ಸಿಡಿಯುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಚೂರು ಅಲ್ಲಿ ಕಚ್ಚಿತ್ತು. ಚೂರು ಕಿತ್ತು ತೆಗೆದ ಉಸ್ತಾದ, ಮರಾಠಿಯವನು, ಅದೇ ಕೈಯಿಂದ ನನ್ನ ತಲೆಗೊಂದು ಬಿಟ್ಟು, "ಡೋಳೇ ಗೇಲೇ ತರ್ ಪೋಟ್ ಗೇಲಂ" ಎಂದಿದ್ದ. ಕಣ್ಣು ಹೋದರೆ ಹೊಟ್ಟೆಯೂ ಹೋಯಿತು. ಅವತ್ತಿನಿಂದ ಉಳಿ ತಗಲುವ ಗಳಿಗೆಗೆ ಕೂದಲೆಳೆಯಷ್ಟು ಮುಖ ಹೊರಳಿಸುವುದು ನನಗೆ ಉಸಿರಾಟದಂತೆ ಆಗಿಹೋಗಿದೆ. ಆಮೇಲೆ ಕಣ್ಣು ಕಾಯಲು ಕನ್ನಡಕ ಬಂತು, ಮುಂದೆ ಗಾಜಿನ ಬಾಗಿಲಿನ ಯಂತ್ರವೂ ಬಂತು. ಮುಖ ಮಾತ್ರ ಹೊರಳುತ್ತಲೇ ಇದೆ.

ಇದನ್ನು ಬೀಗರಿಗೆ ಹೇಳಿದೆ.

"ಹಂಗಾರ ನಿಮ್ಮ ಕಣ್ಣು ಉಳಸಿದ್ದು ಇದ ಚಾಳಿ ಅನ್ರಿ."

"ಹೌದ್ರಿ."

"ಬಿಡಸಾಕ ನನಗೂ ಮನಸ್ಸು ಬರವಲ್ತು. ಆದ್ರೂ ನೋಡೂಣು. ಚೆಂಡು ಹೋದ ಮ್ಯಾಲೆ ಆ ಹುಲ್ಲಿಗೆ ನಮಸ್ಕಾರ ಅನ್ರಿ. ಅನ್ನೂತನಕ ಮ್ಯಾಲೆ ನೋಡಬ್ಯಾಡ್ರಿ."

ಹುಲ್ಲಿಗೆ ನಮಸ್ಕಾರ ಹೇಳುತ್ತ ಹೇಳುತ್ತ ಅರ್ಧ ಮೈದಾನ ಮುಗಿಯಿತು. ಬಾಯಿ ನಮಸ್ಕಾರ ಅನ್ನುತ್ತಿತ್ತು, ಕಣ್ಣು ಆಕಾಶದಲ್ಲಿರುತ್ತಿತ್ತು. ಬೀಗರದು ನೋಡಬೇಕು: ಕಲ್ಲಿನ ಮೂರ್ತಿಯ ಹಾಗೆ ತಲೆ ಅಲುಗದು, ಚೆಂಡು ದಾರ ಹಿಡಿದಂತೆ ಹೋಗುವುದು. ಹೊಡೆದ ಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, "ಎಲ್ಲಿ ಹೋತ್ರಿ?" ಎಂದು ಕೇಳುವರು. "ನಟ್ಟನಡುವ ಬಿದ್ದದರಿ" ಎಂದು ನಾನು ತೋರಿಸುವೆ. ತೋರಿಸಿದ ಬೆರಳೂ ಅವರಿಗೆ ಕಂಡಿತೋ ಇಲ್ಲವೋ.

ಆಮೇಲೆ ಒಂದು ಏಟು ಬಂತು. ಹೇಗೆ ಬಂತೋ ಗೊತ್ತಿಲ್ಲ. ತಲೆ ಏಳಲಿಲ್ಲ, ಮುಖ ಹೊರಳಲಿಲ್ಲ. ಒಳ್ಳೆಯ ಉಕ್ಕಿಗೆ ಹರಿತ ಉಳಿ ಕೂತಾಗ ಬರುವಂಥ ಸದ್ದು ಬಂತು. ಕೈಗೆ ಭಾರವೇ ಅನ್ನಿಸಲಿಲ್ಲ. ಹುಲ್ಲು ನೋಡುತ್ತಲೇ ನಿಂತೆ. ನಮಸ್ಕಾರ ಅಂದೆ.

"ಶಾಬ್ಬಾಸ್!" ಬೀಗರು ಕೂಗಿದರು. ಸದ್ದಿನಿಂದಲೇ ಅವರಿಗೆ ತಿಳಿದಿತ್ತು.

ತಲೆ ಎತ್ತಿದೆ. ಖಾಲಿ ಆಕಾಶ, ಎದುರಿಗೆ ಬಿಸಿಲು.

"ಎಲ್ಲಿ ಹೋತ್ರಿ?" ಎಂದು ನಾನು ಕೇಳಿದೆ.

"ಎಲ್ಲಿ ಹೋತ್ರಿ?" ಎಂದು ಅವರೂ ಕೇಳಿದರು.

ಹುಡುಕಿದೆವು. ನಡುವೆ ಇರಲಿಲ್ಲ, ಎಡಕ್ಕಿರಲಿಲ್ಲ. ಬಲಗಡೆಯ ಕಂಟಿಯಲ್ಲೂ ಕಾಲಿಂದ ಮುಳ್ಳು ಸರಿಸಿ ನೋಡಿದೆ. ಬೀಗರು ದೂರದಲ್ಲಿ ಬಗ್ಗಿ, ಕೋಲಿನಿಂದ ಹುಲ್ಲು ತಡವುತ್ತಿದ್ದರು. ಒಮ್ಮೆ ಸಂತೋಷದಿಂದ ಕೂಗಿ ಕರೆದರು. ಹೋಗಿ ನೋಡಿದರೆ ಬಿಳೀ ಅಣಬೆ. "ಇದ ಅದರಿ?" ಎಂದರು. ಅಲ್ಲರಿ ಎಂದು ಹೇಳುವುದು ಎಷ್ಟು ಕಷ್ಟವಾಯಿತೆಂದರೆ, ನೆಲಕ್ಕೆ ಕೂತು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡೆ.

ಚೆಂಡು ಸಿಗಲಿಲ್ಲ. ನಾನು ಜೀವನದಲ್ಲಿ ಹೊಡೆದ ಒಂದೇ ಒಂದು ಒಳ್ಳೆಯ ಏಟು ಎಲ್ಲಿ ಬಿತ್ತೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಕಳೆದರೆ ಹೊಡೆದ ಜಾಗದಿಂದಲೇ ಮತ್ತೊಂದು ಚೆಂಡು ಹೊಡೆಯಬೇಕು, ದಂಡದ ಏಟೂ ಸೇರುತ್ತದೆ. ನಿಯಮ ಅದು. ವಾಪಸು ಬಂದೆವು. ಸರದಿ ಬೀಗರದು, ಆದರೆ ತಿದ್ದಬೇಕಾದದ್ದು ನನ್ನ ಏಟೆಂದು ಅವರು ನನಗೇ ಬಿಟ್ಟರು. ಚೆಂಡಿಟ್ಟು ನಾನು ಹಾಗೆಯೇ ನಿಂತೆ. ತಲೆ ಬಗ್ಗಿಸಿ ಹೊಡೆದರೆ ಚೆಂಡು ಕಳೆಯುತ್ತದೆ; ಎತ್ತಿದರೆ ಕಂಟಿಗೆ ಹೋಗುತ್ತದೆ. ಕಬ್ಬಿಣದಲ್ಲಿ ಎಂಥ ತೊಡಕು ಬಂದರೂ ಕೈ ಒಂದು ದಾರಿ ಹುಡುಕುತ್ತದೆ. ಇಲ್ಲಿ ನನ್ನ ಕೈಗೆ ಏನೂ ತೋಚಲಿಲ್ಲ.

"ಬೀಗರ, ಒಂದು ಮಾತು," ಎಂದರು ಅವರು ಹಿಂದಿನಿಂದ. "ನೀವು ಮೊದಲಿನಂಗ ಹೊಡೀರಿ. ನೋಡಕೋತ ಹೊಡೀರಿ."

"ಮತ್ತ ಮುಳ್ಳಿಗೆ ಹೋಗ್ತದಲ್ರಿ. ಮತ್ತ ನೀವ ಹೋಗಿ ಅದರಾಗ ನಿಂದ್ರಬೇಕು."

"ನಿಂದ್ರತೀನಿ. ಎಲ್ಲೆ ಬಿದ್ದದ ಅನ್ನೂದಾದ್ರೂ ಗೊತ್ತಿರ್ತದ."

ಹೊಡೆದೆ. ಮುಖ ಹೊರಳಿತು. ಚೆಂಡು ಬಲಕ್ಕೆ ಬಾಗಿ, ದೊಡ್ಡ ಜಾಲಿಯ ಬುಡಕ್ಕೆ ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದೆ. ಮುಂದಿನ ಏಟು ಬೀಗರದು. ಅವರು ನನ್ನ ತೋಳು ಹಿಡಿದುಕೊಂಡರು. ನಾನು ಮುಳ್ಳಿನ ಕಡೆ ಅವರನ್ನು ಕರೆದುಕೊಂಡು ನಡೆದೆ.