ಆಯಿಯ ಅಂಗೈ ಕೆಳಗಿನ ಕೈ

ಆಪಾ ಅವರ ಎರಡೂ ಮುಂಗೈಗಳಲ್ಲಿ ಬಳೆಯ ಬಿಳಿಚಿದ ಗುರುತಿರುತ್ತಿತ್ತು, ಬಳೆ ಇರುತ್ತಿರಲಿಲ್ಲ. ನಮ್ಮ ಮನೆಯ ಹೊಸ್ತಿಲು ದಾಟುತ್ತಿದ್ದಂತೆ ಬೆಳ್ಳಿ ಬಳೆಗಳನ್ನು ಕಳಚಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಆಮೇಲೆ ಹಿತ್ತಲಿಗೆ ಹೋಗಿ ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆಯುತ್ತಿದ್ದರು. ಹಾಸಿಗೆ ಹಿಡಿದವರ ಚರ್ಮ ಹಸುಗೂಸಿನದಕ್ಕಿಂತ ನಾಜೂಕು, ಬಳೆ ತಾಗಿದರೂ ಗೀರು ಬೀಳುತ್ತದೆ ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಕೊನೆ. ನಾನಾಗ ಹೈಸ್ಕೂಲಿನಲ್ಲಿದ್ದೆ. ಅಪ್ಪನ ತಾಯಿಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಆಯಿಗೆ ಲಕ್ವಾ ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ಅವ್ವ ಒಬ್ಬಳಿಂದ ನೋಡಿಕೊಳ್ಳಲು ಆಗುತ್ತಿರಲಿಲ್ಲ. ಬೆಳಗಾವಿ ಕ್ಯಾಂಪಿನ, ಅಂದರೆ ದಂಡುಪ್ರದೇಶದ, ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ಆಯಾ ಆಗಿದ್ದ, ಎಲ್ಲರೂ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದ ಈ ಮುಸ್ಲಿಂ ಹೆಂಗಸನ್ನು ಅಪ್ಪನ ಗೆಳೆಯರೊಬ್ಬರು ಶಹಾಪುರದ ನಮ್ಮ ಮನೆಗೆ ಕಳಿಸಿಕೊಟ್ಟರು.

ಹಾಸಿಗೆಯ ಬಟ್ಟೆಯಲ್ಲಿ ಒಂದು ಸುಕ್ಕು ಕಂಡರೂ ಆಪಾ ಅವರಿಗೆ ತಡೆಯುತ್ತಿರಲಿಲ್ಲ, ಅಂಗೈಯಿಂದ ಸವರಿ ಸವರಿ ತೆಗೆಯುತ್ತಿದ್ದರು. ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸುತ್ತಿದ್ದರು. ಬೆನ್ನಿಗೆ ದಿಂಬು ಕೊಟ್ಟು ಕೂರಿಸದೆ ಒಂದು ಚಮಚ ಗಂಜಿಯನ್ನೂ ಬಾಯಿಗೆ ಇಡುತ್ತಿರಲಿಲ್ಲ.

ಬಂದ ಹೊಸದರಲ್ಲಿ, ಚಳಿಗಾಲದಲ್ಲಿ, ಆಯಿಯ ತಣ್ಣಗಾದ ಎಡಗಾಲಿಗೆ ಬಿಸಿನೀರಿನ ರಬ್ಬರ್ ಚೀಲವನ್ನು ಬಟ್ಟೆ ಸುತ್ತಿ ಇಟ್ಟಿದ್ದರು. ಬಟ್ಟೆ ಸರಿಯಿತು. ಆ ಕಾಲಿಗೆ ಸ್ಪರ್ಶವೇ ಇಲ್ಲದ್ದರಿಂದ ಆಯಿಗೆ ತಿಳಿಯಲಿಲ್ಲ. ಹುಣಸೆ ಬೀಜದಷ್ಟು ಗುಳ್ಳೆ ಎದ್ದಿತು. ನಮ್ಮಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಆದರೆ ಅಪ್ಪ ಅಂಗಡಿಯಿಂದ ಬರುವವರೆಗೆ ಆಪಾ ಮನೆಗೆ ಹೋಗದೆ ಕಾದರು.

"ಅಣ್ಣಾರ, ಆಯಿ ಕಾಲ ಸುಟ್ಟೇತ್ರಿ. ಅರಬಿ ಸರದದ್ದ ನಾ ನೋಡಲಿಲ್ಲ. ತಪ್ಪ ನಂದ."

ಅಪ್ಪನಿಗೇ ಮುಜುಗರವಾಯಿತು. ಸಣ್ಣ ಗುಳ್ಳೆ, ಇದನ್ನು ಯಾರಿಗೂ ಹೇಳುವುದು ಬೇಡ ಎಂದರು. ಆಪಾ ಒಪ್ಪಲಿಲ್ಲ.

"ಮುಚ್ಚಿಟ್ಟರ ನಾಳೆ ಇನ್ನೊಬ್ಬರ ಕೈಯಾಗ ಇದ ಆಕ್ಕೇತ್ರಿ."

ಅವ್ವನನ್ನೂ ನನ್ನನ್ನೂ ಕರೆದು ಗುಳ್ಳೆ ತೋರಿಸಿದರು. ಸ್ಪರ್ಶವಿಲ್ಲದ ಕಾಲಿಗೆ ಇನ್ನು ಮೇಲೆ ಬಿಸಿ ಬೇಡ, ಉಣ್ಣೆಯ ಕಾಲುಚೀಲ ಸಾಕು ಎಂದರು. ಕೊನೆಗೆ, ನಾಳೆ ಬರಲೋ ಬೇಡವೋ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಉತ್ತರ ಕೊಟ್ಟವಳು ಆಯಿ. ಚೆನ್ನಾಗಿದ್ದ ಬಲಗೈ ಚಾಚಿ ಆಪಾ ಅವರ ಸೆರಗು ಹಿಡಿದಳು, ಬಿಡಲಿಲ್ಲ.

ಆಯಿಯ ದೊಡ್ಡ ಸಂಕಟ ಲಿಂಗಪೂಜೆಯದು. ಇಷ್ಟಲಿಂಗ ಇಡಬೇಕಾದ ಎಡ ಅಂಗೈ ಮುದುಡಿ ಜೋತುಬಿದ್ದಿತ್ತು. ಒಮ್ಮೆ ಅವ್ವ ಲಿಂಗ ಇಟ್ಟಾಗ ಅದು ಜಾರಿತು, ಅವ್ವ ಹೇಗೋ ಹಿಡಿದುಕೊಂಡಳು. ಅಂದಿನಿಂದ ಆಯಿ ಪೂಜೆ ಬಿಟ್ಟಳು, ಊಟಕ್ಕೂ ಮುಖ ತಿರುಗಿಸತೊಡಗಿದಳು.

ಇದನ್ನೆಲ್ಲ ನೋಡುತ್ತಿದ್ದ ಆಪಾ ಒಂದು ಬೆಳಿಗ್ಗೆ ಆಯಿಯ ಸ್ನಾನ ಮುಗಿಸಿ, ಲಿಂಗವನ್ನು ತಾನು ಮುಟ್ಟುವುದಿಲ್ಲ, ಇಡುವುದು ನೀವೇ ಎಂದು ಅವ್ವನಿಗೆ ಹೇಳಿದರು. ತಮ್ಮ ಅಂಗೈ ಮೇಲೆ ಮಡಿಬಟ್ಟೆ ಹಾಸಿ, ಆಯಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಆ ಕೈಯನ್ನು ಕೆಳಗಿನಿಂದ ಸಮನಾಗಿ ಹಿಡಿದು ನಿಂತರು. ಅವ್ವ ಲಿಂಗ ಇಟ್ಟಳು. ಆಯಿ ಬಲಗೈಯಿಂದ ವಿಭೂತಿ ಹಚ್ಚಿ, ಪತ್ರಿ ಏರಿಸಿದಳು. ಕಣ್ಣೀರು ಒರೆಸಿಕೊಳ್ಳಲು ಅವಳಿಗೆ ಇನ್ನೊಂದು ಕೈ ಇರಲಿಲ್ಲ. ಪೂಜೆ ಮುಗಿಯುವವರೆಗೆ ಆಪಾ ಬಗ್ಗಿದ ಬೆನ್ನು ಎತ್ತಲಿಲ್ಲ.

ಅದೇ ನಿತ್ಯದ ಪದ್ಧತಿಯಾಯಿತು. ಒಮ್ಮೆ ರವಿವಾರ ಪೇಟೆ ಬಡಾವಣೆಯ ತನ್ನ ಮನೆಯಿಂದ ಬಂದ ನನ್ನ ಸೋದರತ್ತೆ, ಆಯಿಯ ಮಗಳು, ಇದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಳು. ಬೇರೆ ಮತದವರ ಕೈ ಪೂಜೆಯ ಹೊತ್ತಿಗೆ ಯಾಕೆ ಎಂದು ಅವ್ವನನ್ನು ಕೇಳಿದಳು. ಆಪಾ ಅವರ ಮುಖ ಬಾಡಿತು, ಆದರೂ ಕೈ ಅಲುಗಿಸಲಿಲ್ಲ. ಆಯಿ ಸೊಟ್ಟಗಾದ ಬಾಯಲ್ಲಿ ತಡೆತಡೆದು ಅಂದಳು:

"ನನ್ನ ಕೈಗೆ ಆಕಿ ಕೈ ಐತಿ. ನಿಂದ ಎಲ್ಲೈತಿ?"

ಅತ್ತೆ ಒಳಗೆ ಹೋಗಿ, ಪತ್ರಿಯ ತಟ್ಟೆ ತಂದು ಆಯಿಯ ಹತ್ತಿರ ಹಿಡಿದಳು.

ಮುಂದೆ ಕೆಲವು ವರ್ಷಗಳಿಗೆ ಆಯಿ ತೀರಿಕೊಂಡಾಗ, ಮೈ ತೊಳೆದ ಹೆಂಗಸರು ಬೆನ್ನ ಮೇಲೆ ಒಂದು ಹುಣ್ಣೂ ಇಲ್ಲವೆಂದು ಮಾತಾಡಿಕೊಂಡರು. ನಾನು ನರ್ಸಿಂಗ್ ಕಲಿತೆ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸವಾಯಿತು. ಆಪಾ ಖಾನಾಪುರದ ತಮ್ಮನ ಮನೆ ಸೇರಿದ್ದರು.

ಅವರಿಗೆ ಬಹಳ ಜಡ್ಡಾಗಿದೆ ಎಂದು ಸುದ್ದಿ ಬಂದಾಗ ರೈಲು ಹತ್ತಿ ಹೋದೆ. ಮಂಚದ ಸುತ್ತ ಮನೆಯವರು ನಿಂತು, ಬೆಳಗಾವಿಯ ಆಸ್ಪತ್ರೆಗೆ ಒಯ್ಯಬೇಕೋ ಬೇಡವೋ ಎಂದು ವಾದಿಸುತ್ತಿದ್ದರು. ನರ್ಸ್ ಬಂದಳೆಂದು ಆಪಾ ಅವರ ತಮ್ಮ ನನ್ನ ಅಭಿಪ್ರಾಯ ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಮಂಚದಿಂದ ಸಣ್ಣ ದನಿ ಬಂತು.

"ನನ್ನೂ ಒಂದ ಮಾತ ಕೇಳ್ರಿ. ನಾ ಇನ್ನೂ ಇಲ್ಲೇ ಅದೀನಿ."

ನಾನು ಪಕ್ಕದಲ್ಲಿ ಕೂತು, ಏನು ಬೇಕು ಆಪಾ ಎಂದೆ. ಎಲ್ಲಿಗೂ ಹೋಗುವುದು ಬೇಡ, ತಲೆ ಬಾಚು ಬೇಟಿ ಅಂದರು. ನೆರೆತ ತೆಳ್ಳನೆಯ ಕೂದಲನ್ನು ಸಿಕ್ಕು ಬಿಡಿಸಿ ಹೆಣೆದೆ. ಕಣ್ಣು ಮುಚ್ಚಿಕೊಂಡು, ಹಗುರಾಯಿತು ಎಂದರು. ಅದೇ ವಾರ ಹೋಗಿಬಿಟ್ಟರು.

ಈಗ ಯಾರ ಮನೆಗೆ ಹೋದರೂ ಮೊದಲು ಮಂಚದ ಹತ್ತಿರ ಕೂರುತ್ತೇನೆ. ನಿಮಗೆ ಏನು ಬೇಕು ಎಂದು ಮಲಗಿದವರನ್ನೇ ಕೇಳುತ್ತೇನೆ. ಕೆಲವರಿಗೆ ಮಾತು ಹೊರಡುವುದು ತಡ. ಕಾಯುತ್ತೇನೆ.