ದೊಡ್ಡಮ್ಮ ಎಳೆದ ತೂತು

"ಅದೇ ಕೇಳ್ತಿರೋದು ದೊಡ್ಡಮ್ಮ, ಈ ನಕ್ಷೆಯ ಮುಂದಿನ ನೋಟದಲ್ಲಿ ತೂತಿದೆ, ಪಕ್ಕದ ನೋಟದಲ್ಲಿ ಎಲ್ಲಿ ಹೋಯ್ತು?"

"ನನ್ನನ್ನೇನು ಕೇಳ್ತೀಯೇ? ಹಾಳೇಲಿ ಹೇಗಿತ್ತೋ ಹಾಗೆ ಎಳೆದಿದ್ದೀನಿ."

"ತೂತು ಅಂದ್ಮೇಲೆ ಪಕ್ಕದಿಂದ ನೋಡಿದ್ರೂ ಇರ್ಬೇಕು. ಕಣ್ಣಿಗೆ ಕಾಣಲ್ಲ, ಒಳಗಿರತ್ತೆ. ಅದಕ್ಕೇ ಅಲ್ವಾ ತುಂಡು ತುಂಡು ಗೆರೆ ಹಾಕೋದು?"

"ಯಾವುದು, ಇರುವೆ ಸಾಲಾ?"

ತಂಗಿಯ ಮಗಳು ಪೆನ್ಸಿಲನ್ನು ಕೆಳಗಿಟ್ಟು ದೊಡ್ಡಮ್ಮನ ಮುಖವನ್ನೇ ನೋಡಿದಳು. ನೀರಿನ ಪಂಪ್ ತಯಾರಿಸುವ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಬೆನ್ನು ಬಗ್ಗಿಸಿ ಕೂತು, ಸಾಹೇಬರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಉಸಿರು ಬಿಗಿಹಿಡಿದು ಶಾಯಿಯಲ್ಲಿ ನಕಲು ತೆಗೆದವಳು ಇವಳು. ಆಫೀಸಿಗೆಲ್ಲ ಗೆರೆಯಕ್ಕ. ಕೂದಲೆಳೆಯಷ್ಟೂ ಆಚೀಚೆ ಹೋಗದ ಕೈ. ಆದರೆ ಅವಳ ಪಾಲಿಗೆ ತುಂಡು ಗೆರೆ ಇರುವೆ ಸಾಲು, ಮಧ್ಯರೇಖೆ ಕುಂಟು ಗೆರೆ. ಅವುಗಳ ಅರ್ಥವನ್ನು ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. "ಅರ್ಥ ತಿಳ್ಕೊಂಡ್ರೆ ಕೈ ನಡುಗುತ್ತಮ್ಮ" ಎಂದು ಕೆಲಸಕ್ಕೆ ಸೇರಿದ ದಿನವೇ ದೊಡ್ಡ ಸಾಹೇಬರು ಹೇಳಿದ್ದರು. ನಿವೃತ್ತಿಯ ದಿನ ಕೊಟ್ಟ ಪ್ರಮಾಣಪತ್ರದಲ್ಲಿ 'ಒಂದೂ ತಪ್ಪು ಮಾಡದವರು' ಎಂದಿತ್ತು. ಅವಳ ಆಸ್ತಿ ಎಂದರೆ ಆ ಒಂದು ಸಾಲು.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಯಲು ಶುರುಮಾಡಿ ಎರಡು ತಿಂಗಳಾಗಿದ್ದ ಈ ಹುಡುಗಿ ಮನೆಯ ಕುರ್ಚಿ, ಬಕೆಟ್ಟು, ಮಲಗಿದ್ದ ಅಜ್ಜ ಎಲ್ಲವನ್ನೂ ಮೂರು ಕಡೆಯಿಂದ ಬರೆದು ಮುಗಿಸಿ, ಕೊನೆಗೆ ದೊಡ್ಡಮ್ಮನ ಟ್ರಂಕಿನಿಂದ ಪಂಪಿನ ಮುಚ್ಚಳದ ಈ ಹಳೆಯ ನಕ್ಷೆಯನ್ನು ಎಳೆದು ತಂದಿದ್ದಳು.

ದೊಡ್ಡಮ್ಮ ಕನ್ನಡಕ ಹಾಕಿಕೊಂಡು ತೂತಿನ ಆ ಸೊನ್ನೆಯನ್ನು ಬಹಳ ಹೊತ್ತು ನೋಡಿದಳು.

"ಸಾಹೇಬ್ರಿಗೆ ಒಂದು ಚಾಳಿ ಇತ್ತು ಕಣೇ" ಎಂದಳು ಮೆಲ್ಲಗೆ. "ಕೈವಾರದ ಮೊನೆ ನೆಟ್ಟಗಿದೆಯಾ ಅಂತ ನೋಡೋಕೆ ಹಾಳೆ ಮೂಲೇಲಿ ಒಂದು ಸೊನ್ನೆ ಸುತ್ತೋರು. ಅವತ್ತು ಮೂಲೆ ಕೈಗೆ ಸಿಗಲಿಲ್ವೋ ಏನೋ, ಮುಚ್ಚಳದ ಮೇಲೇ ಸುತ್ತಿಬಿಟ್ಟಿದ್ದಾರೆ."

"ಅದನ್ನ ನೀನು ಶಾಯೀಲಿ ಎಳೆದೆ. ವರ್ಕ್‌ಶಾಪಿನವರು ಯಾರೂ ಕೇಳಲಿಲ್ವಾ?"

"ಕೇಳಿದ್ರು. ಈ ತೂತು ಎಷ್ಟು ಅಗಲ ಅಂತ ಚೀಟಿ ಬಂತು. ಸಾಹೇಬ್ರು ಗೊತ್ತಿಲ್ಲ ಅಂತಾರಾ? ಸ್ಕೇಲಿಟ್ಟು ಅಳೆದು, ಹತ್ತು ಮಿಲಿಮೀಟರು ಅಂತ ಬರೆದು, ಸಹಿ ಹಾಕಿದ್ರು."

ಹುಡುಗಿ ನಕ್ಕು ನಕ್ಕು ಮಂಚದ ಮೇಲೆ ಬಿದ್ದಳು. ದೊಡ್ಡಮ್ಮ ನಗಲಿಲ್ಲ. ಎಷ್ಟು ಸಾವಿರ ಮುಚ್ಚಳಕ್ಕೆ ಆ ತೂತು ಕೊರೆದಿದ್ದಾರೋ, ಅದರಿಂದ ಎಲ್ಲೆಲ್ಲಿ ಏನೇನು ಕೆಟ್ಟಿದೆಯೋ. ಆ ವಾರವೆಲ್ಲ ಅವಳಿಗೆ ಅನ್ನ ಸೇರಲಿಲ್ಲ. ಶನಿವಾರ ಬೆಳಿಗ್ಗೆ ಸೀರೆ ಬದಲಾಯಿಸಿ, "ನಡಿ, ಏನಾಗಿದೆ ಅಂತ ನೋಡೇ ಬಿಡೋಣ" ಎಂದು ಹುಡುಗಿಯನ್ನೂ ಕರೆದುಕೊಂಡು ತಮ್ಮ ಕಾರ್ಖಾನೆಯ ಪಂಪುಗಳಿದ್ದ ಊರಾಚೆಯ ಪಂಪ್‌ಹೌಸಿಗೆ ಬಸ್ಸು ಹತ್ತಿದಳು.

ಅಲ್ಲಿ ಹಳೆಯ ಪಂಪ್ ಎರಡು, ಹೊಸದು ಒಂದು. ಮೂರರ ಗದ್ದಲದಲ್ಲಿ ಮಾತೇ ಕೇಳಿಸುತ್ತಿರಲಿಲ್ಲ. ತಾನು ಎಳೆದ ಮುಚ್ಚಳವನ್ನು ದೊಡ್ಡಮ್ಮ ಜೀವಮಾನದಲ್ಲಿ ಮೊದಲ ಸಲ ಕಬ್ಬಿಣದಲ್ಲಿ ಕಂಡಳು. ತೂತು ನಕ್ಷೆಯಲ್ಲಿದ್ದ ಜಾಗದಲ್ಲೇ ಇತ್ತು. ಅಪರಾಧಿಯ ಹಾಗೆ ಬೆರಳು ತೋರಿಸಿ, "ಇದರಿಂದ ನಿಮಗೆ ಬಹಳ ತೊಂದರೆ ಆಗಿರ್ಬೇಕು" ಎಂದು ಅಲ್ಲಿದ್ದ ಆಪರೇಟರಿಗೆ ಕೂಗಿ ಹೇಳಿದಳು.

"ತೊಂದರೆನಾ?" ಆಪರೇಟರ್ ಬಟ್ಟೆಗೆ ಕೈ ಒರೆಸುತ್ತ ಹತ್ತಿರ ಬಂದ. "ಅಮ್ಮಾ, ನಮ್ಮನೆ ದೀಪ ಉರೀತಿರೋದೇ ಈ ತೂತಿಂದ. ಒಳಗೆ ನೀರು ತಡೆಯೋ ಸೀಲ್ ಸವೆದ್ರೆ ಮೊದಲು ಇಲ್ಲಿ ನೀರು ತೊಟ್ಟಿಕ್ಕುತ್ತೆ, ತಕ್ಷಣ ನಿಲ್ಲಿಸಿಬಿಡ್ತೀವಿ. ಆ ಹೊಸದು ನೋಡಿ, ತೂತೇ ಇಲ್ಲ. ನೀರು ಒಳಗೇ ನುಗ್ಗಿ ಬೇರಿಂಗ್ ಸುಟ್ಟು ಕರಕಲಾದ ಮೇಲೇ ಗೊತ್ತಾಗೋದು. ಈ ತೂತಿಟ್ಟ ಪುಣ್ಯಾತ್ಮನ ತಲೆಯೇ ತಲೆ."

ಹುಡುಗಿ ದೊಡ್ಡಮ್ಮನ ತೋಳು ಚಿವುಟಿದಳು, ಸುಮ್ಮನಿರು ಎಂದು. ದೊಡ್ಡಮ್ಮ ಸುಮ್ಮನಿರುವವಳೇ?

"ಅದು ತಪ್ಪಪ್ಪಾ. ಬುದ್ಧಿ ಓಡಿಸಿ ಇಟ್ಟಿದ್ದಲ್ಲ. ತಪ್ಪಿ ಎಳೆದೋಳು ನಾನೇ."

ಆಪರೇಟರ್ ಅವಳನ್ನು ಮೇಲಿಂದ ಕೆಳಗೆ ನೋಡಿದ. "ದೊಡ್ಡೋರು ಹೀಗೇ ಮಾತಾಡೋದು" ಎಂದು ಸಹಾಯಕನನ್ನು ಕರೆದು ಕುರ್ಚಿ ತರಿಸಿದ. "ತಪ್ಪು ಇಷ್ಟು ಸರಿಯಾದ ಜಾಗದಲ್ಲಿ ಬೀಳಲ್ಲಮ್ಮ. ಹೊಸ ಮುಚ್ಚಳಕ್ಕೂ ತೂತು ಹಾಕಿಸಿ ಅಂತ ಮೇಲಿನವರಿಗೆ ಬರೆದು ಬರೆದು ಕೈ ಸೋತಿದೆ. ನಕ್ಷೆ ಕಳಿಸು ಅಂತಾರೆ. ನನಗೆಲ್ಲಿಂದ ಬರ್ಬೇಕು ನಕ್ಷೆ? ಮುಂದಿನ ಶನಿವಾರ ಆ ಹೊಸ ಪಂಪನ್ನ ಬಿಚ್ತೀವಿ. ನೀವೇ ಬಂದು ಅಳತೆ ತಗೊಂಡು ನಕ್ಷೆ ಬರೆದುಕೊಡಿ."

ಹಿಂದಿರುಗುವ ಬಸ್ಸಿನಲ್ಲಿ ದೊಡ್ಡಮ್ಮ ಮಡಿಲ ಚೀಲದ ಮೇಲೆ ಬೆರಳಲ್ಲೇ ಸೊನ್ನೆ ಸುತ್ತುತ್ತ ಕೂತಳು. ಕೆಳಗೆ ಯಾರದೋ ಪೆನ್ಸಿಲ್ ಗೆರೆ ಇಲ್ಲದೆ ಅವಳು ಇದುವರೆಗೆ ಒಂದು ಗೆರೆಯನ್ನೂ ಎಳೆದಿರಲಿಲ್ಲ.

"ಲೇ, ಪಕ್ಕದ ನೋಟ ಬರೆಯೋದನ್ನ ಶುಕ್ರವಾರದೊಳಗೆ ಕಲಿಸ್ತೀಯಾ?"

"ಸೋಮವಾರ ನನಗೇ ಪರೀಕ್ಷೆ ದೊಡ್ಡಮ್ಮ."

"ಒಳ್ಳೇದೇ ಆಯ್ತು, ಇಬ್ಬರೂ ಕೂತು ಓದೋಣ. ಶನಿವಾರ ಒಂಬತ್ತಕ್ಕೇ ಹೊರಡ್ಬೇಕು. ನಾವು ಹೋಗೋದ್ರೊಳಗೆ ಬಿಚ್ಚಿ ಮತ್ತೆ ಮುಚ್ಚಿಬಿಟ್ರೆ ಕಷ್ಟ."